ಕಾಯಬಲ್ಲವನದೇ ಪೇಟೆ

(ರಾಣೆಬೆನ್ನೂರಿನಲ್ಲಿ ಕೂಲಿಕಾರರು ಮತ್ತು ವಿದ್ಯಾರ್ಥಿಗಳ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ ಪೇಟೆಯ ಇತಿಹಾಸ. ಶೇರು, ಬ್ಯಾಂಕು, ಧಾರಣಿ ಏರಿದ್ದು, ಧಾರಣಿ ಬಿದ್ದದ್ದು, ಇವುಗಳ ಕಥೆ. ದಿನವಿಡೀ ಮೆಣಸಿನಕಾಯಿ ತುಂಬು ಬಿಡಿಸಿ, ಕೈ ಉರಿಯುತ್ತಿರುವಾಗ ಇಲ್ಲಿ ಬಂದು ಕೂತವರಿಗೆ ಶೇರುಪೇಟೆಯ ಮಾತು ಯಾಕೆ ಎಂದು ನೀವು ಕೇಳಬಹುದು. ಅದು ಸೇಟುಗಳ ವಿಷಯ, ನಮಗೇನು ಎಂದು ನಮ್ಮವರು ಎದ್ದು ಹೋಗುತ್ತಾರೆ. ನಾವು ಎದ್ದು ಹೋದದ್ದರಿಂದಲೇ ನಮ್ಮ ಕೂಲಿಯ ಲೆಕ್ಕವನ್ನು ಇಷ್ಟು ವರ್ಷ ಬೇರೆಯವರು ಬರೆದಿದ್ದಾರೆ. ಅದಕ್ಕೇ ಇವತ್ತು ಕೂತು ಕೇಳೋಣ. ನಾನು ಹೇಳುವ ಕಥೆ ಮುಂಬಯಿಯದೂ ಹೌದು, ಅಮೆರಿಕದ್ದೂ ಹೌದು, ಆದರೆ ಅದರ ಒಂದು ಕಾಲು ನಮ್ಮ ಹಾವೇರಿ, ರಾಣೆಬೆನ್ನೂರಿನ ಎರೆ ಹೊಲದಲ್ಲೇ ಊರಿಕೊಂಡಿದೆ.

1861ಕ್ಕೆ ಹೋಗೋಣ. ಆಗ ಇಂಗ್ಲೆಂಡಿನ ಲ್ಯಾಂಕಶೈರ್ ಸೀಮೆಯ ಬಟ್ಟೆ ಗಿರಣಿಗಳು ಓಡುತ್ತಿದ್ದದ್ದು ಅಮೆರಿಕದ ಹತ್ತಿಯಿಂದ. ಐದು ಪಾಲು ಹತ್ತಿಯಲ್ಲಿ ಸುಮಾರು ನಾಲ್ಕು ಪಾಲು ಅಲ್ಲಿಂದಲೇ ಬರುತ್ತಿತ್ತು. ಅದನ್ನು ಬಿತ್ತಿ, ಕಳೆ ತೆಗೆದು, ಬಿಡಿಸುತ್ತಿದ್ದವರು ಕಪ್ಪು ಜನ. ಅವರು ಕೂಲಿಗಳಲ್ಲ, ಗುಲಾಮರು. ಸಂತೆಯಲ್ಲಿ ದನ ಕೊಂಡಂತೆ ಅವರನ್ನು ಕೊಳ್ಳುತ್ತಿದ್ದರು, ತಾಯಿಯಿಂದ ಮಗುವನ್ನು ಕಿತ್ತು ಮಾರುತ್ತಿದ್ದರು. ಆ ದೇಶದಲ್ಲಿ ಅಂಥವರು ಸುಮಾರು 40 ಲಕ್ಷ ಜನ ಇದ್ದರು. 1861ರ ಏಪ್ರಿಲ್‌ನಲ್ಲಿ ಅಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ಹತ್ತಿತು. ಉತ್ತರದ ಹಡಗುಗಳು ದಕ್ಷಿಣದ ಬಂದರುಗಳಿಗೆ ಅಡ್ಡಗಟ್ಟಿದವು. ಹತ್ತಿ ಹೊರಗೆ ಹೋಗದಾಯಿತು. ಲ್ಯಾಂಕಶೈರಿನ ಗಿರಣಿಗಳು ನಿಂತವು, ಅಲ್ಲಿನ ಕೂಲಿಕಾರರೂ ಉಪವಾಸ ಬಿದ್ದರು. ಗಿರಣಿ ಮಾಲೀಕರ ಕಣ್ಣು ಆಗ ಹಿಂದೂಸ್ಥಾನದ ಕಡೆ ತಿರುಗಿತು.

ಅವರಿಗೆ ಧಾರವಾಡ ಜಿಲ್ಲೆ ಹೊಸದಲ್ಲ. ಈಗಿನ ಹಾವೇರಿ ಜಿಲ್ಲೆ 1997ರಲ್ಲಿ ಬೇರೆಯಾಗುವ ತನಕ ಧಾರವಾಡ ಜಿಲ್ಲೆಯ ಒಳಗೇ ಇತ್ತಲ್ಲ? ಆ ಜಿಲ್ಲೆಯಲ್ಲಿ 1840ರ ದಶಕದಲ್ಲೇ ಕಂಪನಿ ಸರ್ಕಾರ ಅಮೆರಿಕದ ಬೀಜ ತರಿಸಿ ಬಿತ್ತಿಸಿ ನೋಡಿತ್ತು. ಆ ಹತ್ತಿಗೆ ಪೇಟೆಯಲ್ಲಿ ‘ಧಾರವಾಡ-ಅಮೆರಿಕನ್’ ಎಂದೇ ಹೆಸರು ಬಿತ್ತು. ನಮ್ಮ ಜವಾರಿ ಹತ್ತಿಗೆ ಇನ್ನೊಂದು ಹೆಸರು, ‘ಕುಮಟಾ ಹತ್ತಿ’. ಕುಮಟೆಯಲ್ಲಿ ಹತ್ತಿ ಬೆಳೆಯುತ್ತಿತ್ತೇನು? ಇಲ್ಲ. ಇಲ್ಲಿಂದ ಎತ್ತಿನ ಬಂಡಿಯಲ್ಲಿ ಘಟ್ಟ ಇಳಿದು, ಕುಮಟಾ ಬಂದರಿನಿಂದ ಹಡಗು ಹತ್ತಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದ ಊರಿನ ಹೆಸರೂ ಉಳಿಯಲಿಲ್ಲ, ಹಡಗು ಹತ್ತಿಸಿದ ಊರಿನ ಹೆಸರು ಉಳಿಯಿತು. ಹಾಗಿದ್ದ ಮೇಲೆ ಬೆಳೆದವರ ಹೆಸರು ಎಲ್ಲಿ ಉಳಿದೀತು?

ಆ ಹತ್ತಿಯ ಹಿಂದಿನ ಕೈಗಳನ್ನು ಎಣಿಸಿ ನೋಡಿ. ಕಳೆ ತೆಗೆದವರು, ಹತ್ತಿ ಬಿಡಿಸಿದವರು ಹೆಂಗಸರು. ಬೀಜದಿಂದ ಅರಳೆ ಬೇರೆ ಮಾಡಿದವರೂ ಹೆಂಗಸರೇ. ಹಾಸುಗಲ್ಲಿನ ಮೇಲೆ ಕಬ್ಬಿಣದ ಸಲಾಕೆ ಇಟ್ಟು, ಅದನ್ನು ಪಾದದಿಂದ ಉರುಳಿಸಿ ಉರುಳಿಸಿ ಬೀಜ ಬಿಡಿಸುವ ಕೆಲಸ ಅದು. ಅಂಗಾಲು ಸವೆಯುವ ಕೆಲಸ. ನೊಗಕ್ಕೆ ಬೇಕಾದ ಮಿಣಿ, ಬಂಡಿಯವನ ಕೈಯ ಬಾರುಕೋಲು, ಬಾವಿಯ ಚರ್ಮದ ಕಪಲಿ, ಇವೆಲ್ಲ ನಮ್ಮ ಕೇರಿಯಿಂದ ಹೋದದ್ದು. ಅದಕ್ಕೆ ಸಿಗುತ್ತಿದ್ದದ್ದು ಆಯ. ಸುಗ್ಗಿಯಲ್ಲಿ ಕಣದ ಹೊರಗೆ ನಿಂತು ಸೆರಗು ಒಡ್ಡಿದರೆ ಇಷ್ಟು ಮೊರ ಕಾಳು ಎಂದು ಕಟ್ಟಿದ ಕಟ್ಟಳೆ.

ಈಗ ಧಾರಣಿ ಏರಿದ ಕಥೆ ಕೇಳಿ. ಯುದ್ಧದ ನಾಲ್ಕು ವರ್ಷದಲ್ಲಿ ಹತ್ತಿಯ ಬೆಲೆ ಸುಮಾರು ನಾಲ್ಕು ಪಟ್ಟು ಏರಿತು. ಊರ ಒಕ್ಕಲಿಗರಲ್ಲಿ ಕೈ ಚಾಚುವಷ್ಟು ಹೊಲ ಇದ್ದವರು ನಾಲ್ಕು ಕಾಸು ಕಂಡರು, ಸುಳ್ಳಲ್ಲ. ಬಂಡಿಯ ಗಾಲಿಗೆ ಬೆಳ್ಳಿ ಪಟ್ಟಾ ಹಾಕಿಸಿದರು ಎಂಬ ಮಾತು ಮಧ್ಯಪ್ರಾಂತ್ಯದ ಹತ್ತಿ ಸೀಮೆಯ ಬಗ್ಗೆ ಇದೆ. ಆದರೆ ಆಯಕ್ಕೆ ದುಡಿದವನ ಮೊರ ನಾಲ್ಕು ಮೊರ ಆಯಿತೇನು? ಹತ್ತಿಯ ಬೆಲೆ ಲಿವರ್‌ಪೂಲಿನಲ್ಲಿ ಏರಿದರೆ ಆಯದ ಕಟ್ಟಳೆ ಏರುವುದಿಲ್ಲ, ಅದು ಹಿಂದಿನಿಂದ ಬಂದ ಪದ್ಧತಿ. ಕಾಳಿನ ಬೆಲೆ ಮಾತ್ರ ಹತ್ತಿಯ ಬೆನ್ನು ಹತ್ತಿ ಏರಿತು. ಹತ್ತಿ ಏರಿದಾಗ ‘ಪದ್ಧತಿ ಪ್ರಕಾರ ತಗೋ’ ಅಂತಾರ, ಹತ್ತಿ ಬಿದ್ದಾಗ ‘ಪ್ಯಾಟಿ ಬಿದ್ದೈತಿ, ಕಡಿಮಿ ತಗೋ’ ಅಂತಾರ. ಇದು ಅವತ್ತಿನ ಮಾತೋ, ಇವತ್ತಿನ ಮಾತೋ ನೀವೇ ಹೇಳಿ.

ಹಾಗಾದರೆ ಆ ರೊಕ್ಕ ಎಲ್ಲಿ ಹೋಯಿತು? ಬಹುಪಾಲು ಮುಂಬಯಿಗೆ. ಅಲ್ಲಿ ರೊಕ್ಕ ಇಡಲು ಜಾಗ ಸಾಲದೆ ದಿನಕ್ಕೊಂದು ಕಂಪನಿ, ದಿನಕ್ಕೊಂದು ಬ್ಯಾಂಕು ಹುಟ್ಟಿತು. ಸಮುದ್ರ ತುಂಬಿ ನೆಲ ಮಾಡುತ್ತೇವೆ ಎಂದು ಬ್ಯಾಕ್ ಬೇ ಕಂಪನಿ ಎದ್ದಿತು. ಅದರ 5,000 ರೂಪಾಯಿ ತುಂಬಿದ ಶೇರು 50,000ದವರೆಗೂ ಹೋಯಿತು. ನೆಲ ಇನ್ನೂ ನೀರೊಳಗೇ ಇತ್ತು, ಅದರ ಕಾಗದ ಹತ್ತು ಪಟ್ಟು ಬೆಳೆದಿತ್ತು! ಹತ್ತಿ ವ್ಯಾಪಾರಿ, ಶೇರು ದಲ್ಲಾಳಿ ಪ್ರೇಮಚಂದ್ ರಾಯಚಂದ್ ಈ ಆಟದ ರಾಜ. ಬ್ಯಾಂಕ್ ಆಫ್ ಬಾಂಬೆ ಎಂಬ ಬ್ಯಾಂಕು, ಸರ್ಕಾರದ ಪಾಲು ಇದ್ದ ಬ್ಯಾಂಕು, ಶೇರಿನ ಕಾಗದವನ್ನೇ ಅಡವು ಇಟ್ಟುಕೊಂಡು ಸಾಲ ಕೊಟ್ಟಿತು.

ಅಲ್ಲಿ ನಡೆಯುತ್ತಿದ್ದದ್ದು ವಾಯಿದೆ ವ್ಯಾಪಾರ. ಅಂದರೆ ಏನು? ನಾನು ನಿನ್ನ ಹತ್ತಿರ ಒಂದು ಎಮ್ಮೆ ಕೊಂಡೆ ಎಂದು ಇವತ್ತು ಮಾತು ಕೊಡುತ್ತೇನೆ. ರೊಕ್ಕ ಆರು ತಿಂಗಳಿಗೆ. ನನ್ನ ಹತ್ತಿರ ರೊಕ್ಕ ಇಲ್ಲ, ನಿನ್ನ ಕೊಟ್ಟಿಗೆಯಲ್ಲಿ ಎಮ್ಮೆಯೂ ಇಲ್ಲ. ಆರು ತಿಂಗಳಲ್ಲಿ ಎಮ್ಮೆಯ ಬೆಲೆ ಏರಿದರೆ ನನಗೆ ಲಾಭ, ಇಳಿದರೆ ನಿನಗೆ ಲಾಭ. ಆ ನಡುವೆ ನಾನು ಆ ಮಾತನ್ನೇ ಇನ್ನೊಬ್ಬನಿಗೆ ಮಾರಬಹುದು, ಅವನು ಮತ್ತೊಬ್ಬನಿಗೆ ಮಾರಬಹುದು. ಇಂಥ ಮಾತುಗಳ ರಾಶಿಯ ಮೇಲೆ ಮುಂಬಯಿ ಶಹರ ನಿಂತಿತ್ತು. ಬಹಳ ಕರಾರುಗಳ ವಾಯಿದೆ 1865ರ ಜುಲೈ 1.

ಆದರೆ 1865ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಹತ್ತಿಯ ಧಾರಣಿ ಕುಸಿಯಿತು. ಜುಲೈ 1 ಬಂದಾಗ ಕೊಡುವವರೇ ಇಲ್ಲ. ಒಬ್ಬ ಬಿದ್ದರೆ ಅವನನ್ನು ನಂಬಿದ ಹತ್ತು ಜನ ಬಿದ್ದರು. 2,850 ರೂಪಾಯಿಗೆ ಏರಿದ್ದ ಬ್ಯಾಂಕ್ ಆಫ್ ಬಾಂಬೆಯ ಶೇರು ಸುಮಾರು 87 ರೂಪಾಯಿಗೆ ಇಳಿಯಿತು. ಪ್ರೇಮಚಂದ್ ರಾಯಚಂದ್ ದಿವಾಳಿ. 1868ರಲ್ಲಿ ಆ ಬ್ಯಾಂಕೂ ಮುಚ್ಚಿತು, ಸರ್ಕಾರ ವಿಚಾರಣೆಗೆ ಆಯೋಗ ಕೂಡಿಸಿತು. ಹಿಂದೂಸ್ಥಾನದ ಮೊದಲ ದೊಡ್ಡ ಶೇರು ಕುಸಿತ ಎಂದು ಪುಸ್ತಕಗಳಲ್ಲಿ ಓದುತ್ತೇವಲ್ಲ, ಅದು ಇದೇ.

ಬಂಧುಗಳೆ, ಇಲ್ಲಿ ಒಂದು ವಿಚಾರ ಗಟ್ಟಿಯಾಗಿ ಹಿಡಿದುಕೊಳ್ಳಿ. ಆ ಕುಸಿತದಲ್ಲಿ ಬಿದ್ದವರು ಎಲ್ಲರೂ ಒಂದೇ ರೀತಿ ಬೀಳಲಿಲ್ಲ. ಮುಂಬಯಿಯ ಸೇಟುಗಳಲ್ಲಿ ಕೆಲವರು ಮುಳುಗಿದರು, ಹಲವರು ಮತ್ತೆ ಎದ್ದರು. ಅವರ ಹತ್ತಿರ ಮನೆ ಇತ್ತು, ನಂಟರಿದ್ದರು, ಕೋರ್ಟು ಇತ್ತು, ಕಾಯುವುದಕ್ಕೆ ಕಾಲ ಇತ್ತು. ಹತ್ತಿ ಬೆಳೆದ ಸಣ್ಣ ರೈತನಿಗೆ ಕಾಲ ಇರಲಿಲ್ಲ. ಕಂದಾಯದ ಕಂತು ಬೆಳೆಯ ಬೆಲೆ ನೋಡಿ ಬರುವುದಿಲ್ಲ, ತಾರೀಖು ನೋಡಿ ಬರುತ್ತದೆ. ಧಾರಣಿ ಬಿದ್ದಿದ್ದರೂ ಮಾರಲೇಬೇಕು, ಇಲ್ಲವೆ ಸಾವ್ಕಾರನ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಕು. ಇನ್ನು ಕೂಲಿಯವನಿಗೆ? ಅವನಿಗೆ ಒಂದು ಹೊತ್ತಿನಿಂದ ಇನ್ನೊಂದು ಹೊತ್ತಿಗೆ ಕಾಯುವ ಶಕ್ತಿ ಇಲ್ಲ. ಬೆಳಿಗ್ಗೆ ಕೂಲಿ ಬೇಡ ಅಂದರೆ ರಾತ್ರಿ ಒಲೆ ಹತ್ತುವುದಿಲ್ಲ. ಪೇಟೆಯಲ್ಲಿ ಎಲ್ಲರೂ ಸರಕು ಮಾರುತ್ತಾರೆ, ಆದರೆ ಎಲ್ಲರಿಗೂ ಕಾಯುವ ಶಕ್ತಿ ಇರುವುದಿಲ್ಲ. ಯಾರಿಗೆ ಕಾಯಲು ಆಗುತ್ತದೋ ಅವನು ಬೆಲೆ ಹೇಳುತ್ತಾನೆ. ಯಾರಿಗೆ ಆಗುವುದಿಲ್ಲವೋ ಅವನು ಬೆಲೆ ಕೇಳುತ್ತಾನೆ.

ಸರ್ಕಾರ ಆಗ ಯಾರ ಕಡೆ ನಿಂತಿತ್ತು? ಆ ಹತ್ತಿಯ ಸುಗ್ಗಿಯಲ್ಲೇ, 1863ರಲ್ಲಿ, ಮುಂಬಯಿ ಸರ್ಕಾರ ಹತ್ತಿ ವಂಚನೆ ಕಾಯ್ದೆ ತಂದಿತು. ಅರಳೆಯಲ್ಲಿ ಬೀಜ, ಕಸ, ಕೆಳದರ್ಜೆಯ ಹತ್ತಿ ಕಲಸಿದರೆ ಶಿಕ್ಷೆ. ಏಳು ಸಮುದ್ರದ ಆಚೆಗಿನ ಗಿರಣಿ ಮಾಲೀಕನಿಗೆ ಮೋಸ ಆಗಬಾರದು ಎಂಬ ಕಾಳಜಿ! ಹತ್ತಿ ಬಿಡಿಸಿದ ಹೆಂಗಸಿನ ಕೂಲಿಯಲ್ಲಿ ವಂಚನೆ ಆಗಬಾರದು ಎಂಬ ಕಾಯ್ದೆ ಯಾವಾಗ ಬಂತು? ಕನಿಷ್ಠ ಕೂಲಿ ಕಾಯ್ದೆ ಬಂದದ್ದು 1948ರಲ್ಲಿ. ಅದರ ಮಸೂದೆಯನ್ನು 1946ರಲ್ಲಿ ಸಭೆಯ ಮುಂದೆ ಇಟ್ಟವರು ಆಗ ಕಾರ್ಮಿಕ ಖಾತೆ ನೋಡುತ್ತಿದ್ದ ಬಾಬಾಸಾಹೇಬ ಅಂಬೇಡ್ಕರ್. ಹತ್ತಿಯ ಕಾಯ್ದೆಗೂ ಕೂಲಿಯ ಕಾಯ್ದೆಗೂ ನಡುವೆ 85 ವರ್ಷ. ಹತ್ತಿಗೆ ಇದ್ದ ಬೆಲೆ ಮನುಷ್ಯನಿಗೆ ಬರಲು 85 ವರ್ಷ ಬೇಕಾಯಿತು. ಬಂದದ್ದೂ ಎಷ್ಟೋ ಊರಲ್ಲಿ ಕಾಗದದ ಮೇಲೇ ಉಳಿಯಿತು. ಆ ಕಾಯ್ದೆಯನ್ನು 2019ರ ವೇತನ ಸಂಹಿತೆಯಲ್ಲಿ ಸೇರಿಸಿದರು. ಪುಸ್ತಕ ಬದಲಾದರೂ ಕೇಳುವವರು ನಾವೇ ಆಗಬೇಕು.

ಅಮೆರಿಕದ ಗುಲಾಮರ ಕಥೆ ಏನಾಯಿತು ಎಂದು ಕೇಳುವಿರಿ. 1863ರ ಜನವರಿ 1ರಂದು ಅಧ್ಯಕ್ಷ ಲಿಂಕನ್ ವಿಮೋಚನೆಯ ಘೋಷಣೆ ಹೊರಡಿಸಿದ. 1865ರ ಡಿಸೆಂಬರ್‌ನಲ್ಲಿ ಸಂವಿಧಾನ ತಿದ್ದಿ ಗುಲಾಮಗಿರಿಯನ್ನು ತೆಗೆದರು. ನಮ್ಮ ಜ್ಯೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ ಎಂಬ ಪುಸ್ತಕ ಬರೆದು, ಅದನ್ನು ಗುಲಾಮರ ಬಿಡುಗಡೆಗೆ ಹೋರಾಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಅಲ್ಲಿನ ಗುಲಾಮ ಮತ್ತು ಇಲ್ಲಿನ ಶೂದ್ರಾತಿಶೂದ್ರ ಒಂದೇ ಗಾಣದ ಎತ್ತುಗಳು ಎಂಬುದನ್ನು ಅವರು ಅವತ್ತೇ ಕಂಡಿದ್ದರು. ಆದರೆ ಬಿಡುಗಡೆಯಾದ ಆ ಜನಕ್ಕೆ ನೆಲ ಸಿಗಲಿಲ್ಲ. ಹಳೆಯ ಒಡೆಯನ ಹೊಲವನ್ನೇ ಪಾಲಿಗೆ ಮಾಡಿದರು, ಬೀಜಕ್ಕೂ ಹಿಟ್ಟಿಗೂ ಅಂಗಡಿಯಲ್ಲಿ ಉದ್ರಿ ಮಾಡಿದರು, ಸುಗ್ಗಿಯಲ್ಲಿ ಲೆಕ್ಕ ನೋಡಿದರೆ ಸಾಲವೇ ಹೆಚ್ಚು. ಸರಪಳಿ ಹೋಯಿತು, ಸಾಲದ ಹಗ್ಗ ಬಂತು. ಕಾಯುವ ಶಕ್ತಿ ಕೊಡದ ಬಿಡುಗಡೆ ಅರ್ಧ ಬಿಡುಗಡೆ.

ಇತ್ತ ಮುಂಬಯಿ ಪ್ರಾಂತದಲ್ಲಿ 30 ವರ್ಷದ ಕಂದಾಯದ ಕರಾರು ಮುಗಿದ ಕಡೆ ಸರ್ಕಾರ ಬೆಲೆ ಏರಿದ ವರ್ಷಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಂದಾಯ ಏರಿಸಿತು. ಬೆಲೆ ಇಳಿಯಿತು, ಕಂದಾಯ ಇಳಿಯಲಿಲ್ಲ. 1875ರಲ್ಲಿ ಒಂದೇ ಪ್ರಾಂತದಲ್ಲಿ ಎರಡು ಸಂಗತಿ ನಡೆದವು. ಪುಣೆ, ಅಹಮದನಗರ ಜಿಲ್ಲೆಗಳಲ್ಲಿ, ಸುಪೆ ಎಂಬ ಊರಿನ ಸಂತೆಯಿಂದ ಶುರುವಾಗಿ, ರೈತರು ಸಾವ್ಕಾರರ ಮನೆ ಹೊಕ್ಕು ಸಾಲದ ಪತ್ರಗಳನ್ನು ಸುಟ್ಟರು. ಅದೇ ವರ್ಷ ಮುಂಬಯಿಯ ಶೇರು ದಲ್ಲಾಳಿಗಳು ಸಂಘ ಕಟ್ಟಿಕೊಂಡರು. ಇವತ್ತು ಟೀವಿಯಲ್ಲಿ ದಿನಾ ಹೆಸರು ಕೇಳುವ ಮುಂಬಯಿ ಶೇರುಪೇಟೆ ಅದೇ. ಕಾಗದದಿಂದ ಗೆಲ್ಲುವವರು ಕಾಗದ ಕಾಯಲು ಸಂಘ ಮಾಡಿದರು, ಕಾಗದದಿಂದ ಸೋಲುವವರು ಕಾಗದ ಸುಟ್ಟರು. ಸಂಘ ಉಳಿಯಿತು, ಬೆಂಕಿ ಆರಿತು. ಮರುವರ್ಷವೇ ಹಿಡಿದ 1876-78ರ ಬರದಲ್ಲಿ ಧಾರವಾಡ ಜಿಲ್ಲೆಯೂ ಬೆಂದುಹೋಯಿತು.

ಬಾಬಾಸಾಹೇಬರನ್ನು ನಾವು ಸಂವಿಧಾನ ಬರೆದವರು ಎಂದು ತಿಳಿದಿದ್ದೇವೆ. ಅವರು ಮೊದಲು ಓದಿದ್ದು ರೊಕ್ಕದ ಶಾಸ್ತ್ರ ಎಂಬುದನ್ನು ಎಷ್ಟು ಜನ ಬಲ್ಲಿರಿ? 1923ರಲ್ಲಿ ಲಂಡನ್ನಿನಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಅವರ ಗ್ರಂಥ ಬಂತು. 1925ರಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ಸಾಕ್ಷಿ ನುಡಿದರು. ರೂಪಾಯಿಯ ಬೆಲೆ ಇಳಿದರೆ ವ್ಯಾಪಾರ ಬೆಳೆಯುತ್ತದೆ, ದೇಶಕ್ಕೆ ಲಾಭ ಎಂದು ದೊಡ್ಡ ವ್ಯಾಪಾರಿಗಳು ವಾದಿಸುತ್ತಿದ್ದ ಕಾಲ ಅದು. ಬಾಬಾಸಾಹೇಬರು ಕೇಳಿದ್ದು ಬೇರೆ ಪ್ರಶ್ನೆ: ಲಾಭ ಯಾರ ಜೇಬಿನಿಂದ ಬಂತು? ಸಾಮಾನಿನ ಬೆಲೆ ಬೇಗ ಏರುತ್ತದೆ, ಕೂಲಿ ಅಷ್ಟು ಬೇಗ ಏರುವುದಿಲ್ಲ. ಆ ನಡುವಿನ ಅಂತರವೇ ವ್ಯಾಪಾರಿಯ ಲಾಭ. ಅದು ದೇಶ ಗಳಿಸಿದ್ದಲ್ಲ, ಕೂಲಿಯವನ ಕೈಯಿಂದ ಜಾರಿ ಇನ್ನೊಂದು ಕೈಗೆ ಬಿದ್ದದ್ದು. ಕಟ್ಟಳೆಯ ಆಯಕ್ಕೆ ದುಡಿದ ಕೇರಿಯಲ್ಲಿ 1864ರಲ್ಲಿ ನಡೆದದ್ದು ಇದೇ ಅಲ್ಲವೇ?

ಈಗ ನಮ್ಮ ಬ್ಯಾಡಗಿಗೆ ಬರೋಣ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿತು. ಅದರ ಬಣ್ಣವನ್ನು ಹಿಂಡಿ ತೆಗೆದು ತಿನಿಸಿಗೆ, ತುಟಿಗೆ ಹಚ್ಚುವ ಬಣ್ಣಕ್ಕೆ ಹಾಕುತ್ತಾರೆ, ಪರದೇಶಕ್ಕೆ ಕಳಿಸುತ್ತಾರೆ. ಸೋಮವಾರ, ಗುರುವಾರದ ಪೇಟೆಗೆ ಸುಗ್ಗಿಯಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದಿಂದೆಲ್ಲ ಲಕ್ಷಗಟ್ಟಲೆ ಚೀಲ ಬರುತ್ತದೆ.

ಅಲ್ಲಿ ಯಾರಿಗೆ ಎಷ್ಟು ಕಾಯುವ ಶಕ್ತಿ ಇದೆ, ಲೆಕ್ಕ ಹಾಕಿ ನೋಡ್ರಿ. ದೊಡ್ಡ ಖರೀದಿದಾರನಿಗೆ ಕೋಲ್ಡ್ ಸ್ಟೋರೇಜ್ ಇದೆ, ಬ್ಯಾಂಕಿನ ಸಾಲ ಇದೆ. ಅವನು ವರ್ಷಗಟ್ಟಲೆ ಕಾಯಬಲ್ಲ. ರೈತನಿಗೆ ಇ-ಟೆಂಡರಿನಲ್ಲಿ ದರ ಬೇಡ ಎನ್ನುವ ಹಕ್ಕು ಇದೆ. ಆದರೆ ಲಾರಿ ಬಾಡಿಗೆ, ದಲಾಲಿ ಅಂಗಡಿಯ ಮುಂಗಡ, ಬಿಸಿಲಿಗೆ ಒಣಗಿ ತೂಕ ಕಳೆದುಕೊಳ್ಳುವ ಕಾಯಿ, ಇವನ್ನೆಲ್ಲ ನೆನೆದರೆ ಅವನು ಎರಡು ಪೇಟೆ ಕಾದಾನು, ಮೂರು ಕಾದಾನು. ಹಮಾಲಿ ಅಣ್ಣನಿಗೆ ಚೀಲ ಎತ್ತಿದರೆ ಕೂಲಿ. ತುಂಬು ಬಿಡಿಸುವ ಅಕ್ಕನಿಗೆ ಕಿಲೋ ಲೆಕ್ಕ. ಮೂಗಿಗೆ ಸೆರಗು ಕಟ್ಟಿ, ಕೆಮ್ಮುತ್ತಾ ಕೂತವಳು ಸಂಜೆಯ ತನಕ ಮಾತ್ರ ಕಾಯಬಲ್ಲಳು.

2024ರ ಮಾರ್ಚ್ 11, ಸೋಮವಾರ, ಆ ಪೇಟೆಯಲ್ಲಿ ಏನಾಯಿತು ಎಂಬುದು ನಿಮಗೆಲ್ಲ ಗೊತ್ತು. ದರ ಒಮ್ಮೆಲೇ ಕುಸಿದದ್ದು ಕಂಡು ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ಕಲ್ಲು ಬಿದ್ದವು, ವಾಹನಗಳು ಸುಟ್ಟವು. ಪತ್ರಿಕೆಗಳು ರೈತರ ಸಿಟ್ಟು ಬರೆದವು, ವ್ಯಾಪಾರಿಗಳ ನಷ್ಟ ಬರೆದವು. ಅವೆರಡೂ ಬರೆಯಬೇಕಾದವೇ. ಆದರೆ ಪೇಟೆ ಒಂದು ದಿನ ನಿಂತರೆ ತುಂಬು ಬಿಡಿಸುವವಳ ಎಷ್ಟು ಕೂಲಿ ಹೋಗುತ್ತದೆ? ಆ ಲೆಕ್ಕಕ್ಕೆ ಕಾಲಂ ಇಲ್ಲ. ಸುಪೆಯ ಬೆಂಕಿಯಂತೆ ಈ ಬೆಂಕಿಯೂ ಆರಿತು. ಬೆಂಕಿಯಿಂದ ಕಾಯುವ ಶಕ್ತಿ ಬರುವುದಿಲ್ಲ ಎಂಬುದು ಆ ಕಾಲದ ಪಾಠ, ಈ ಕಾಲದ ಪಾಠವೂ ಹೌದು.

ಕಾಯುವ ಶಕ್ತಿ ಇಲ್ಲದವರು ಅದನ್ನು ಬಡ್ಡಿಗೆ ತರುತ್ತಾರೆ. ಸಾಲ ಎಂದರೆ ಅದೇ. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರದ ವಶವಾದಾಗ ಬಡವರಿಗೆ ಬಾಗಿಲು ತೆರೆಯಿತು ಅಂದರು. 1976ರಲ್ಲಿ ದೇವರಾಜ ಅರಸರ ಕಾಲದ ಋಣ ಪರಿಹಾರ ಕಾಯ್ದೆ ಭೂಹೀನ ಕೂಲಿಕಾರರ ಸಾವ್ಕಾರಿ ಸಾಲವನ್ನು ಅಳಿಸಿತು. ಅದೇ ವರ್ಷದ ಕೇಂದ್ರದ ಕಾಯ್ದೆ ಜೀತವನ್ನು ನಿಷೇಧಿಸಿತು. ಇವು ಸಣ್ಣ ಮಾತಲ್ಲ. ಆದರೆ ಬ್ಯಾಂಕಿನ ಮೆಟ್ಟಿಲು ಹತ್ತಲು ಜಾಮೀನು ಬೇಕು, ಜಾಮೀನಿಗೆ ಹೊಲ ಬೇಕು. ಹೊಲ ಇಲ್ಲದವರ ಬಾಗಿಲಿಗೆ ಮೈಕ್ರೋ ಫೈನಾನ್ಸ್ ಬಂತು, ವಾರದ ಕಂತು ಬಂತು. ವಾರದ ಕಂತು ಅಂದರೆ ಏನು? ಕಾಯುವ ಶಕ್ತಿ ಏಳೇ ದಿನ! 2025ರ ಜನವರಿಯಲ್ಲಿ ಇದೇ ರಾಣೆಬೆನ್ನೂರಿನ ಹೆಂಗಸರು ಕಿರುಕುಳ ತಾಳಲಾರದೆ ಮಾಂಗಲ್ಯ ಸರವನ್ನು ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿದರು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಬಡ್ಡಿ ಸಮೇತ ತೀರಿತು ಎಂದು ಅದರಲ್ಲಿದೆ. ಬಲವಂತದ ವಸೂಲಿಗೆ ಜೈಲು ಎಂದಿದೆ. ನಮ್ಮ ಹೆಂಗಸರು ಬೆಂಕಿ ಹಚ್ಚಲಿಲ್ಲ, ಒಟ್ಟಿಗೆ ಅಂಚೆ ಕಚೇರಿಗೆ ಹೋದರು. ಅದನ್ನು ನಾವು ಮರೆಯಬಾರದು.

ಇಷ್ಟೆಲ್ಲ ಕೇಳಿದ ಮೇಲೆ ‘ಹಂಗಾದ್ರ ನಾವೇನು ಮಾಡೋದು?’ ಅಂತ ನೀವು ಕೇಳಬೇಕು. ಮೂರು ಕೆಲಸ ಹೇಳುತ್ತೇನೆ.

ಒಂದು, ದರದ ಹಲಗೆ. ಮೆಣಸಿನಕಾಯಿಗೆ ದರ ಬರೆಯುವ ಪೇಟೆಯಲ್ಲಿ ತುಂಬು ಬಿಡಿಸುವ ಕೂಲಿಯ ದರವನ್ನೂ ಬರೆಯಲಿ. ಸುಗ್ಗಿಗೆ ಮೊದಲೇ ಕೂತು ಮಾತಾಡಿ, ಕಿಲೋಕ್ಕೆ ಇಷ್ಟು ಎಂದು ಅಂಕಿಯಲ್ಲಿ ಬರೆಸಬೇಕು. ತೂಕ ನಮ್ಮ ಕಣ್ಣ ಮುಂದೆ ಆಗಬೇಕು. ಕನಿಷ್ಠ ಕೂಲಿಗಿಂತ ಅದು ಕಡಿಮೆ ಬಿದ್ದರೆ ಕಾರ್ಮಿಕ ಇಲಾಖೆಗೆ ಒಬ್ಬೊಬ್ಬರಾಗಿ ಅಲ್ಲ, ಗುಂಪಾಗಿ ಅರ್ಜಿ ಕೊಡಬೇಕು.

ಎರಡು, ಕೂಲಿಯ ಪುಸ್ತಕ. ಸಾಲಿಗೆ ಹೋಗುವ ಮಗ ಅಥವಾ ಮಗಳ ಕೈಲಿ ಒಂದು ನೋಟುಬುಕ್ಕು ಕೊಡಿ. ಇವತ್ತು ಎಷ್ಟು ಕಿಲೋ, ಎಷ್ಟು ರೊಕ್ಕ, ಯಾರ ಅಂಗಡಿ, ಎಷ್ಟು ಮುಂಗಡ, ದಿನಾ ಬರೆಯಲಿ. ಇಷ್ಟು ದಿನ ಲೆಕ್ಕ ಅವರ ಪುಸ್ತಕದಲ್ಲಿ ಮಾತ್ರ ಇತ್ತು. ಎರಡು ಪುಸ್ತಕ ಇದ್ದರೆ ಮಾತಿಗೆ ಬಲ ಬರುತ್ತದೆ. ಸಾಲ ಕೊಡಲು ಬಂದವನನ್ನು ಮೊದಲು ಕೇಳಬೇಕಾದದ್ದು ‘ನಿನ್ನ ನೋಂದಣಿ ಪತ್ರ ತೋರಿಸು’.

ಮೂರು, ಒಂದು ವಾರದ ಕಾಳು. ಹತ್ತು ಮನೆ ಸೇರಿ, ಕೆಲಸ ಹೆಚ್ಚಿರುವ ತಿಂಗಳಲ್ಲಿ ಸ್ವಲ್ಪ ಸ್ವಲ್ಪ ಕೂಡಿಸಿ, ಹತ್ತೂ ಮನೆಗೆ ಏಳು ದಿನಕ್ಕೆ ಸಾಕಾಗುವ ಅಕ್ಕಿ-ಜೋಳ ಒಂದು ಕಡೆ ಇಡಬೇಕು. ಹಬ್ಬಕ್ಕೆ ಮುಟ್ಟಬಾರದು, ಜಾತ್ರೆಗೆ ಮುಟ್ಟಬಾರದು. ದರ ಕಡಿಮೆ ಮಾಡಿದ ದಿನ ಮಾತ್ರ ಆ ಚೀಲ ಬಿಚ್ಚಬೇಕು. ಏಳು ದಿನ ನಾವು ಪೇಟೆಗೆ ಹೋಗದಿದ್ದರೆ ಲಕ್ಷ ಚೀಲದ ತುಂಬು ಯಾರು ಬಿಡಿಸುತ್ತಾರೆ? ಕೋಲ್ಡ್ ಸ್ಟೋರೇಜಿನವನು ತನ್ನ ಸರಕು ಕಾಯಿಸಬಲ್ಲನಾದರೆ, ನಾವೂ ನಮ್ಮ ದುಡಿಮೆಯನ್ನು ಏಳು ದಿನ ಕಾಯಿಸಬಲ್ಲೆವು. ನಮಗೆ ಬೇಕಾದದ್ದು ಅಷ್ಟೇ.

ಹತ್ತಿಯ ಹಡಗುಗಳು ಕುಮಟೆಯಿಂದ ಹೋಗುತ್ತಿದ್ದಾಗ ನಮ್ಮ ಅಜ್ಜಿಯ ಅಜ್ಜಿಗೆ ಲಿವರ್‌ಪೂಲ್ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಇವತ್ತು ಬ್ಯಾಡಗಿಯ ದರ ನಿಮ್ಮ ಮಗಳ ಮೊಬೈಲಿನಲ್ಲಿ ಬರುತ್ತದೆ. ಓದಿಸಿ ಕೇಳಿ. ಈ ಪತ್ರಿಕೆ ಕೊಂಡವರು ಓದಲು ಬಾರದ ಇಬ್ಬರಿಗಾದರೂ ಓದಿ ಹೇಳಿ. ಬರುವ ಸುಗ್ಗಿಯ ಮೊದಲ ಚೀಲ ಪೇಟೆಗೆ ಬರುವ ಮೊದಲು ನಮ್ಮ ಕಾಳಿನ ಚೀಲ ಕೇರಿಯಲ್ಲಿ ತುಂಬಿರಲಿ.

ಜೈ ಭೀಮ್.